ಶನಿವಾರದವರೆಗೆ ಕೆಡದ ಮೀನು

ಮೀನು ಉಳಿಸಲು ಹೋಗಿ ಮರ್ಯಾದೆ ಕಳೆದುಕೊಳ್ಳುವುದು ನಮ್ಮ ಮನೆಯಲ್ಲಿ ವಾರವಾರದ ಮಾತು. ಹುಮನಾಬಾದಿಗೆ ಕೆರೆಯ ಮೀನು ಬರುವುದು ಶುಕ್ರವಾರ ಬೆಳಿಗ್ಗೆ. ಹಳ್ಳಿಖೇಡದ ಕಡೆ ಕಬ್ಬಿನ ಲಾರಿ ಓಡಿಸುವ ನನ್ನ ಗಂಡ ಬರುವುದು ಶನಿವಾರ ಸಂಜೆ. ಅಲ್ಲಿಯತನಕ ಮೀನು ಕಾಯಬೇಕು, ನಾನೂ ಕಾಯಬೇಕು. ಜೊತೆಗೆ ಇನ್ನೂ ಮಾತು ಬಾರದ ಕೂಸು. ಮೀನು ತಿನ್ನುವ ಮನೆಯೆಂದು ಓಣಿಯ ಹೆಂಗಸರು ಎರಡು ವರ್ಷದಿಂದ ನಮ್ಮ ಹೊಸ್ತಿಲು ದಾಟಿಲ್ಲ.

ಒದ್ದೆ ಗೋಣಿ

ಮೊದಮೊದಲು ಮೀನು ಸೀಳಿ ತೊಳೆದು, ಒದ್ದೆ ಗೋಣಿಯಲ್ಲಿ ಸುತ್ತಿ ಕಿಟಕಿಯ ಗಾಳಿಗೆ ತೂಗುಹಾಕುತ್ತಿದ್ದೆ. ಒಂದು ದಿನ ಮನೆ ಒಡತಿ ಮುದುಕಿ ಅಂಗಳದಿಂದಲೇ ಕೂಗಿದಳು: "ಏನವ್ವಾ, ನಿಮ್ಮ ಮನೀಗಿ ಬೀಗರು ಬಂದಾರಲ್ಲ!"

ಹಿಗ್ಗಿ ಬಾಗಿಲಿಗೆ ಓಡಿದೆ. ಐದು ಬೆಕ್ಕು ಸಾಲಾಗಿ ಕೂತಿದ್ದವು. ಆ ವರ್ಷ ನಮ್ಮ ಮನೆಗೆ ಬಂದ ಬೀಗರು ಅವೇ.

ಬರ್ಫಿನವನು

ಗೋಣಿ ಸಾಲದೆ ಬರ್ಫ, ಅಂದರೆ ಮಂಜುಗಡ್ಡೆ, ತರತೊಡಗಿದೆ. ಮಾರುವವನು ಪ್ರತಿ ಶುಕ್ರವಾರ, "ಯಾರಿಗಿ ಬುಖಾರ, ಬಾಬಿ?" ಎನ್ನುತ್ತಿದ್ದ. ನಾಲ್ಕು ಮಂದಿಯೆದುರು ಮೀನಿನ ಹೆಸರೆತ್ತಲಾರದೆ "ನಮ್ಮ ಅತ್ತಿಯವರಿಗಿ ಜ್ವರ" ಎಂದುಬಿಟ್ಟೆ.

ನಾಲ್ಕನೇ ವಾರ ಅವನ ಕಣ್ಣೇ ತುಂಬಿತು. "ಬರ್ಫಿಲೆ ಆಗೂದಲ್ಲ ಇದು. ದವಾಖಾನಿಗಿ ಒಯ್ರಿ."

ಒಯ್ಯುವುದು ಹೇಗೆ? ಅತ್ತೆ ನನ್ನ ಮದುವೆಗೆ ಮೊದಲೇ ತೀರಿಕೊಂಡಿದ್ದರು.

ಬರ್ಫಿನ ಬಂಡೆ

ಒಂದು ಶನಿವಾರ ಹಿಂದಿನ ದಿನದ ಬರ್ಫ ಕರಗಿಹೋಗಿತ್ತು, ಕೂಸು ಕಂಕುಳಿನಿಂದ ಇಳಿಯಲೊಲ್ಲದು. ಬರ್ಫ ಮನೆಗೇ ಕಳಿಸಲು ಹೇಳಿಕಳಿಸಿದೆ. ಅತ್ತೆಯ ಮೇಲಿನ ಮರುಕಕ್ಕೆ ಅವನು ಕೈಗಾಡಿಯಲ್ಲಿ ಇಡೀ ಬಂಡೆಯನ್ನೇ ತಂದು ಅಡುಗೆಮನೆಯಲ್ಲಿ ಇಳಿಸಿದ. ಮೀನನ್ನು ಅದರ ಮೇಲಿಟ್ಟು ಗೋಣಿ ಮುಚ್ಚಿದೆ. ನಮ್ಮ ಓಣಿಯಲ್ಲಿ ಅಷ್ಟು ದೊಡ್ಡ ಬರ್ಫ ಬರುವುದು, ದೂರದ ನೆಂಟರಿಗಾಗಿ ಹೆಣ ಕಾದಿಟ್ಟ ಮನೆಗೆ ಮಾತ್ರ.

ಮೊದಲು ಮನೆ ಒಡತಿ ಬಂದು ತಬ್ಬಿಕೊಂಡಳು. "ಲಾರಿ ಉರುಳಿತೇನ ಯವ್ವಾ?" ಹಿಂದೆಯೇ ಓಣಿಯೆಲ್ಲ ಅಳುತ್ತ ಒಳಗೆ ಬಂತು. "ನೀ ಇವತ್ತ ಒಲಿ ಹಚ್ಚಬ್ಯಾಡ" ಎಂದು ಒಬ್ಬಳು ಬಿಸಿ ರೊಟ್ಟಿ ತಂದಿಟ್ಟಳು. ಇನ್ನೊಬ್ಬಳು ಕೂಸನ್ನು ಎತ್ತಿಕೊಂಡಳು. ಹೇಳಬೇಕಿತ್ತು, ಬಾಯಿ ತೆರೆದೆ ಕೂಡ. ಆದರೆ ಕೂಸು ಅವಳ ತೊಡೆಯ ಮೇಲೆ ನಗುತ್ತಿತ್ತು. ತೆರೆದ ಬಾಯಿಗೆ ರೊಟ್ಟಿಯ ತುಂಡು ಹಾಕಿಕೊಂಡೆ.

ಅಷ್ಟರಲ್ಲಿ ನನ್ನ ಗಂಡ ಬಂದ. ಮಂದಿ ನೋಡಿ, ಕೈಚೀಲ ಬಿಟ್ಟು ತಾನೂ ಅಳತೊಡಗಿದ. "ಯಾರು ಹೋದ್ರು?"

ಮನೆ ಒಡತಿ ತಲೆಯೆತ್ತಿ ನೋಡಿ, "ನೀನ ಹೋಗಿದ್ದೆಪ್ಪಾ!" ಎಂದಳು. ಆಮೇಲೆ ಒಳಗೆ ಹೋಗಿ ಬರ್ಫಿನ ಮೇಲಿನ ಗೋಣಿ ಸರಿಸಿದಳು. ಮೀನು ತಣ್ಣಗೆ ಮಲಗಿತ್ತು.

"ಇದರ ಸಂಬಂಧ ನಾ ಇಷ್ಟು ಅತ್ತೆನಾ?"

"ಹೌದ್ರಿ ಆಯಿ," ಎಂದೆ. "ಹ್ಯಾಂಗೂ ಬಂದೀರಿ, ತುಸು ಕುಂದರ್ರಿ."