ಬಚ್ಚಲಿನೊಳಗಿನ ಮೇಷ್ಟ್ರು

ಮಾವ ಬಚ್ಚಲಿಗೆ ಹೋಗಿ ಬಾಗಿಲನ್ನು ದಡಾರನೆ ಎಳೆದುಕೊಂಡಾಗ ಗಂಟೆ ಹತ್ತು. ನೀರು ಕುಡಿದು ಉಬ್ಬಿದ್ದ ಬಾಗಿಲು ಚೌಕಟ್ಟನ್ನು ಕಚ್ಚಿ ಹಿಡಿಯಿತು. ಹನ್ನೊಂದಕ್ಕೆ ಅವರ ಊರಿನ ಬಸ್ಸು. ದಿನಕ್ಕೆ ಅದೊಂದೇ.

ಹೊರಗಿದ್ದ ಗುಮಾಸ್ತ ಅಳಿಯ ಗಡಿಯಾರ ನೋಡಿದ. ಮಾವ ಮೂವತ್ತು ವರ್ಷ ಶಾಲೆಯಲ್ಲಿ ಮರಗೆಲಸ ಕಲಿಸಿ ನಿವೃತ್ತರಾದವರು. ಬಂದು ಇಪ್ಪತ್ತು ದಿನ. ಅಲುಗಾಡುವ ಕುರ್ಚಿಗೂ ಕಿರುಗುಟ್ಟುವ ಮಂಚಕ್ಕೂ ಅಳಿಯನನ್ನೇ ಬೈದಿದ್ದರು. ಇವತ್ತು ಅವರು ಬಸ್ಸು ಹತ್ತದಿದ್ದರೆ ತಾನೇ ಹತ್ತಿ ಎಲ್ಲಾದರೂ ಹೋಗುವುದೆಂದು ಅವನು ತೀರ್ಮಾನಿಸಿಬಿಟ್ಟಿದ್ದ.

“ಅಳಿಯಂದ್ರೇ, ಎಳೀರಿ.”

ಎಳೆದ. ಹಿಡಿ ಕಿತ್ತು ಕೈಗೆ ಬಂತು.

“ಏನು ಬಂತು?”

“ಹಿಡಿ, ಮಾವ.”

“ಭೇಷ್. ನನ್ನ ಹತಾರದ ಪೆಟ್ಟಿಗೆ ತೆಗೀರಿ. ಬಾಗಿಲು ತಿರುಗೋ ಕೀಲಿನ ಸರಳನ್ನ ಕೆಳಗಿಂದ ಮೇಲಕ್ಕೆ ಹೊಡೆದು ತೆಗೀಬೇಕು. ಅದಕ್ಕೆ ಏನು ಬೇಕು, ನೀವೇ ಹೇಳಿ.”

ಬಚ್ಚಲಲ್ಲಿ ಸಿಕ್ಕಿಬಿದ್ದೂ ಮನುಷ್ಯ ಪರೀಕ್ಷೆ ಮಾಡುತ್ತಿದ್ದಾರಲ್ಲ ಎಂದು ಗುಮಾಸ್ತ ಹಲ್ಲು ಕಡಿದ. ಪೆಟ್ಟಿಗೆ ತೆರೆದರೆ, ದಂತವೈದ್ಯನ ತಟ್ಟೆ ನೋಡಿದ ಹಾಗೆ ದವಡೆ ಜುಮ್ಮೆಂದಿತು.

ಗಲಾಟೆ ಕೇಳಿ ಎದುರುಮನೆಯ ದರ್ಜಿಯೂ ಮಹಡಿಯ ಪೋಸ್ಟ್‌ಮಾಸ್ಟರೂ ಕರೆಯದೆಯೇ ಬಂದರು. ದರ್ಜಿ “ನಾನು ನೋಡ್ತೀನಿ” ಎಂದು ಉಳಿಯೊಂದರ ತುದಿ ಒಳಗೆ ಕಾಣುವಂತೆ ಸಂದಿಗೆ ತೂರಿಸಿ ಮೀಟತೊಡಗಿದ.

“ದರ್ಜಿಯೇನಯ್ಯಾ ಅದು? ಉಳಿ ಇರೋದು ಕೊರೆಯೋದಕ್ಕೆ, ಮೀಟೋದಕ್ಕಲ್ಲ. ನಿನ್ನ ಕತ್ತರೀಲಿ ತಗಡು ಕತ್ತರಿಸ್ತೀಯಾ?”

ದರ್ಜಿಯ ಮುಖ ಊದಿಕೊಂಡಿತು. ಪೋಸ್ಟ್‌ಮಾಸ್ಟರು ಗರಗಸ ಎತ್ತಿಕೊಂಡು, “ಈ ಗರಗಸದಲ್ಲಿ ಮೇಲಿಂದ ಕೆಳಕ್ಕೆ ಸೀಳಿಬಿಡೋಣ ಬಿಡಿ,” ಎಂದರು.

“ಅಡ್ಡ ಕೊಯ್ಯೋ ಗರಗಸ ಅದು. ಉದ್ದಕ್ಕೆ ಸೀಳೋಕೆ ಹೊರಟಿರೋ ಪುಣ್ಯಾತ್ಮರು ಯಾರು?”

ಅಷ್ಟರಲ್ಲಿ ಗುಮಾಸ್ತ ಒಂದು ಮೊಳೆ ಹುಡುಕಿ, ಸರಳಿನ ಕೆಳಗಿಟ್ಟು, ಕೈಗೆ ಸಿಕ್ಕ ಮರದ ಕೊಡತಿಯಿಂದ ಬಡಿದ.

“ಸದ್ದಲ್ಲೇ ಗೊತ್ತಾಯ್ತು, ಅದು ಉಳಿ ಹಿಡಿಗೆ ಹೊಡೆಯೋ ಕೊಡತಿ, ಅಳಿಯಂದ್ರೇ. ಮೊಳೆಗೆ ಹೊಡೆದು ಅದರ ಮುಖ ತೂತು ಮಾಡಿದ್ರಿ, ಅಲ್ವೇ?”

ತೂತಾಗಿತ್ತು. ಗಂಟೆ ಹತ್ತೂವರೆ. ಗುಮಾಸ್ತನ ತಲೆಯೊಳಗೆ ಏನೋ ಪಟ್ಟೆಂದಿತು.

“ದರ್ಜಿಗಳೇ, ಉಳಿ ಕೆಳಗಿಡಿ. ಪೋಸ್ಟ್‌ಮಾಸ್ಟರೇ, ನೀವು ಮಹಡಿಗೆ ನಡೀರಿ. ಮಾವ, ನೀವು ಬಾಯಿ ಮುಚ್ಚಿಕೊಂಡಿರಿ.”

ಅಡುಗೆಮನೆಯಿಂದ ಬಂದ ಹೆಂಡತಿ ಗಾಬರಿಯಿಂದ ಗೋಡೆಗೆ ಅಂಟಿಕೊಂಡಳು. ಗುಮಾಸ್ತ ಕಬ್ಬಿಣದ ಸುತ್ತಿಗೆ ಎತ್ತಿಕೊಂಡ. ಒಂದೊಂದು ಏಟಿಗೂ ಒಂದೊಂದು ದಿನದ ಬೈಗುಳ ತೀರಿಸಿದ. ಮೂರು ಸರಳೂ ಹಾರಿಬಿದ್ದವು, ಬಾಗಿಲು ಕಳಚಿತು.

ಮಾವ ಹೊಸ್ತಿಲಲ್ಲೇ ಕೈಕಟ್ಟಿ ನಿಂತರು. “ಬಾಗಿಲನ್ನ ಹೀಗೆ ಬಿಟ್ಟು ನಾನು ಊರಿಗೆ ಹೊರಡೋದಿಲ್ಲ.”

ಗುಮಾಸ್ತ ಬಾಗಿಲನ್ನು ಅಡ್ಡ ಮಲಗಿಸಿದ. ಕೀಸುಳಿ ಹಿಡಿದು, ಉಬ್ಬಿದ ಅಂಚನ್ನು ಮರದ ಎಳೆ ಓಡಿದ ಕಡೆಗೇ ನೀಟಾಗಿ ಕೀಸಿದ. ಇಪ್ಪತ್ತು ದಿನ ಕೇಳಿದ್ದು ಬೇಡವೆಂದರೂ ಕಿವಿಯಲ್ಲಿ ಉಳಿದಿತ್ತೇನೋ. ಸುರುಳಿ ಸುರುಳಿಯಾಗಿ ಮರದ ಸಿಪ್ಪೆ ಉದುರಿತು. ಮತ್ತೆ ಕೂರಿಸಿದಾಗ ಬಾಗಿಲು ಒಂದೇ ಬೆರಳಿಗೆ ಮುಚ್ಚಿಕೊಂಡಿತು.

ಹತ್ತು ನಲವತ್ತೈದು. ಬಸ್ ನಿಲ್ದಾಣಕ್ಕೆ ಐದು ನಿಮಿಷದ ದಾರಿ. ಗುಮಾಸ್ತ ಗೆದ್ದವನಂತೆ ಮಾವನ ಚೀಲ ಹೆಗಲಿಗೇರಿಸಿದ.

ಮಾವ ಅಂಚಿನ ಮೇಲೆ ಹೆಬ್ಬೆರಳು ಎಳೆದರು. ಅವರ ಕಣ್ಣು ತುಂಬಿಬಂದಿತ್ತು.

“ಮೂವತ್ತು ವರ್ಷದಲ್ಲಿ ಒಬ್ಬನೂ ಹೀಗೆ ಎಳೆ ನೋಡಿ ಕೀಸಲಿಲ್ಲ ಕಣೋ. ಬೈದ್ರೆ ಅಳ್ತಿದ್ರು. ನೀನು ಸಿಟ್ಟನ್ನ ಕೈಗಿಳಿಸಿದೆ.”

ಮಾವ ಅವನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು.

“ಮಾವ, ಬಸ್ಸು.”

“ಬಸ್ಸು ದಿನಾ ಬರುತ್ತೆ. ಶಿಷ್ಯ ಸಿಕ್ತಾನಾ? ಮಗಳೇ, ನನ್ನ ಬಟ್ಟೆ ಮತ್ತೆ ಬೀರುಗೆ ಜೋಡಿಸು, ಇವನಿಗೆ ಕಲಿಸೋಕೆ ಆರು ತಿಂಗಳಾದ್ರೂ ಬೇಕು.” ಅಳಿಯನ ಹೆಗಲಿನಿಂದ ಚೀಲ ಇಳಿಸಿ ಅವನ ಕೈಗೆ ಸುತ್ತಿಗೆ ಕೊಟ್ಟರು. “ಹೂಂ, ಬಾಗಿಲು ಮತ್ತೆ ಬಿಚ್ಚು. ಎಲ್ಲೆಲ್ಲಿ ಕೈ ಜಾರಿದೆ, ತೋರಿಸ್ತೀನಿ.”