ನೂರೆಂಟು ಉಸಿರು

ಮಿಡಿಗೇಶಿಯ ಸಣ್ಣರಂಗಯ್ಯ ಮೇಷ್ಟ್ರ ಊಟದ ತಟ್ಟೆ ನೆಲದ ಮೇಲೆ ನೆಟ್ಟಗೆ ಕೂರುತ್ತಿರಲಿಲ್ಲ. ಹದಿನೆಂಟು ವರ್ಷದ ದಾಂಪತ್ಯದಲ್ಲಿ ಅದು ಅಷ್ಟು ಸಲ ಗೋಡೆಗೆ ಬಡಿದು ಸೊಟ್ಟಗಾಗಿತ್ತು. (ಸಾರಿಗೆ ಉಪ್ಪು ಕಡಿಮೆಯಾದರೂ ಎಸೆತ, ಹೆಚ್ಚಾದರೂ ಎಸೆತ.) ಎಸೆದ ಮೇಲೆ ಹೆಂಡತಿ ಲಕ್ಕಮ್ಮ ಅವರ ವಂಶವನ್ನೆಲ್ಲ ಜಾಲಾಡಿ, ಮತ್ತೆ ಮುದ್ದೆ ಬಡಿಸುವುದು ಮನೆಯ ಪದ್ಧತಿ.

ಎಂಬತ್ತೆರಡರ ಬೇಸಿಗೆ ರಜೆಯಲ್ಲಿ ಮೇಷ್ಟ್ರು ಮಧುಗಿರಿಯ ಯೋಗ ಶಿಬಿರಕ್ಕೆ ಹೋಗಿ, ಸುಖದುಃಖಗಳನ್ನು ಸಮನಾಗಿ ಕಾಣುವ ಮಹಾವಿದ್ಯೆಯನ್ನು ಹತ್ತೇ ದಿನದಲ್ಲಿ ಸಂಪಾದಿಸಿ ಬಂದರು. ಯಾವ ಸುದ್ದಿ ಬಂದರೂ ಮೊದಲು ಕಂಬಳಿಯ ಮೇಲೆ ಕಣ್ಣು ಮುಚ್ಚಿ ನೂರೆಂಟು ಉಸಿರು ಎಣಿಸುವುದು, ಆಮೇಲೆ ಮಾತು. ಒಂದು ತಿಂಗಳು ತಟ್ಟೆ ಹಾರಲಿಲ್ಲ. ಲಕ್ಕಮ್ಮನಿಗೆ ಹಿಡಿಸಲಾರದಷ್ಟು ಸಂತೋಷ. ಅವರು ಕೂತಾಗ ಯಾರೂ ಅಲ್ಲಾಡಿಸಬೇಡಿ ಎಂದು ಅವಳೇ ಬೀದಿಗೆಲ್ಲ ಹೇಳಿ ಬಂದಳು.

ಆಷಾಢದ ಒಂದು ಬೆಳಗ್ಗೆ ಬುಕ್ಕಾಪಟ್ಟಣದಿಂದ ತಂತಿ ಬಂತು. ಲಕ್ಕಮ್ಮನ ಅಪ್ಪನಿಗೆ ಸೀರಿಯಸ್, ಕೂಡಲೇ ಹೊರಡಿ. ಅವಳು ಬಟ್ಟೆ ಗಂಟು ಕಟ್ಟಿಕೊಂಡು ಬರುವಷ್ಟರಲ್ಲಿ ಮೇಷ್ಟ್ರು ಕಂಬಳಿ ಏರಿ ಆಗಿತ್ತು. ಬೀದಿಯ ಕೊನೆಯಲ್ಲಿ ಎಂಟೂವರೆಯ ಬಸ್ಸು ಹಾರನ್ ಹೊಡೆಯಿತು.

"ಏನ್ರೀ, ಬಸ್ಸು ಬಂತು ಕಣ್ರೀ," ಎಂದಳು, ಮೆಲ್ಲಗೆ.

ಮೇಷ್ಟ್ರಿಗೆ ಕೇಳಿಸಿತು. ಅರವತ್ತೊಂದನೇ ಉಸಿರು. ಮನಸ್ಸು ಒಂದಿಷ್ಟೂ ಅಲುಗಲಿಲ್ಲವಲ್ಲ ಎಂದು ಒಳಗೊಳಗೇ ಬೀಗಿದರು. ಅವಳು ಇನ್ನೊಮ್ಮೆ ಕರೆದಳು, ಅಲ್ಲಾಡಿಸಲಿಲ್ಲ. ನೂರೆಂಟು ಮುಗಿದಾಗ ಬಸ್ಸು ಕೆರೆ ಏರಿ ದಾಟಿತ್ತು.

ಮುಂದಿನ ಬಸ್ಸು ಮಧ್ಯಾಹ್ನಕ್ಕೆ. ಇವರು ಕತ್ತಲಾಗಿ ತಲುಪುವ ಹೊತ್ತಿಗೆ ಮಣ್ಣು ಮಾಡಿ ಬಂದವರು ಕೈಕಾಲು ತೊಳೆಯುತ್ತಿದ್ದರು. ಎರಡು ಗಂಟೆಯವರೆಗೂ ಮುದುಕ ಮಗಳ ಹೆಸರು ಹಿಡಿದು ಕೇಳುತ್ತಲೇ ಇದ್ದನಂತೆ. ಹೆಂಗಸರು ಲಕ್ಕಮ್ಮನನ್ನು ತಬ್ಬಿಕೊಂಡು ಹಾಡಿ ಹಾಡಿ ಅತ್ತರು. ಮೇಷ್ಟ್ರು ಸಮಚಿತ್ತರಾಗಿ ಕಂಬಕ್ಕೊರಗಿ ನಿಂತದ್ದನ್ನು ಕಂಡ ಒಬ್ಬ ಮುದುಕಿ, ಇವನು ಅಳಿಯನೋ ಸೆನ್ಸಸ್ ಬರೆಯಲು ಬಂದವನೋ ಎಂದು ಕೇಳಿದಳು.

ಊರಿಗೆ ಮರಳಿದ ಮೇಲೆ ಮೇಷ್ಟ್ರು ಬೈಗುಳಕ್ಕೆ ಕಾದರು. ಬರಲಿಲ್ಲ. ಲಕ್ಕಮ್ಮ ಹೊತ್ತುಹೊತ್ತಿಗೆ ಬಡಿಸಿದಳು, ಕೇಳಿದ್ದಕ್ಕೆ ಉತ್ತರ ಕೊಟ್ಟಳು. ತಿಂಗಳು ಕಳೆಯಿತು. ಕೊನೆಗೆ ಒಂದು ಮಧ್ಯಾಹ್ನ, ಬೈಸಿಕೊಳ್ಳಲೆಂದೇ, ಮುದ್ದೆ ಸಮೇತ ತಟ್ಟೆ ಎತ್ತಿ ಗೋಡೆಗೆ ಬೀಸಿದರು. ಮುದ್ದೆ ಉರುಳಿಕೊಂಡು ಅಂಗಳಕ್ಕೆ ಹೋಯಿತು, ಕೋಳಿಗಳು ಮುತ್ತಿದವು.

ಲಕ್ಕಮ್ಮ ತಟ್ಟೆ ತೊಳೆದು ತಂದು, ಇನ್ನೊಂದು ಮುದ್ದೆ ಇಟ್ಟಳು.

"ಒಂದ್ಸಲ ಬೈದ್ಬುಡು ಲಕ್ಕಮ್ಮ," ಎಂದರು ಮೇಷ್ಟ್ರು.

"ಅಪ್ಪನ್ ಮಕ ನೋಡ್ದೇನೇ ತಡ್ಕಂಡಿದ್ದೀನಿ. ಈ ತಟ್ಟೆ ಯಾವ್ ಲೆಕ್ಕ, ಬುಡಿ."

ಹಾಗೆಂದು ಮೂಲೆಯ ಕಂಬಳಿ ಕೊಡವಿ ಹಾಸಿ, ಒಳಗೆ ಹೋದಳು. ಮೇಷ್ಟ್ರು ಅದರ ಮೇಲೆ ಕೂತು ಕಣ್ಣು ಮುಚ್ಚಿದರು. ಮೂರನೇ ಉಸಿರಿಗೇ ಅಳು ಬಂತು. ದೊಡ್ಡದಾಗಿಯೇ ಅತ್ತರು. ಆದರೆ ಕಂಬಳಿ ಮೇಲೆ ಕೂತವರನ್ನು ಅಲ್ಲಾಡಿಸಬಾರದೆಂದು ಬೀದಿಗೆಲ್ಲ ಗೊತ್ತಿತ್ತು. ಯಾರೂ ಬರಲಿಲ್ಲ.