ಮೂಕಪ್ರಾಣಿಗಳ ಡಾಕ್ಟರೂ ಮುಷ್ಕರ ಹೂಡಿದ ಕಂಪ್ಯೂಟರೂ

ನಮ್ಮ ಮನೆಯ ಕಂಪ್ಯೂಟರ್ ಕೆಟ್ಟರೆ ಹೊರಗಿನ ಒಂದು ನರಪಿಳ್ಳೆಯೂ ಅದನ್ನು ಮುಟ್ಟಕೂಡದು! ಹೀಗೊಂದು ಭೀಷ್ಮಪ್ರತಿಜ್ಞೆ ಮಾಡಿಯೇಬಿಟ್ಟೆ. ಯಾಕೆ ಮಾಡಬಾರದು? ನಾನು ಪಶುವೈದ್ಯ. ಮನುಷ್ಯರ ಡಾಕ್ಟರದ್ದೇನು ಮಹಾ! 'ಎಲ್ಲಿ ನೋವು?' ಅನ್ನುತ್ತಾರೆ, ರೋಗಿ ಬೆರಳಿಟ್ಟು ತೋರಿಸುತ್ತಾನೆ. ನನ್ನ ರೋಗಿಗಳು ಒದೆಯುತ್ತವೆ, ಕಚ್ಚುತ್ತವೆ, ತುಟಿ ಮಾತ್ರ ಬಿಚ್ಚುವುದಿಲ್ಲ. ಎಮ್ಮೆಯ ಹೊಟ್ಟೆಯ ಗುಟ್ಟನ್ನೇ ರಟ್ಟು ಮಾಡುವವನಿಗೆ ಒಂದು ತಗಡಿನ ಡಬ್ಬ ಯಾವ ಲೆಕ್ಕ?

ಪ್ರತಿಜ್ಞೆಗೆ ಕಾರಣ ಹೆಂಡತಿಯ ಕೂಗು.

"ರೀ! ಇದು ಶುರುನೇ ಆಗ್ತಿಲ್ಲ! ಐದು ಗಂಟೆಯೊಳಗೆ ಕಳಿಸ್ಬೇಕು!"

ಅವಳು ಮಕ್ಕಳಿಗಾಗಿ ನಕ್ಷತ್ರಗಳ ಪುಸ್ತಕವೊಂದನ್ನು ಅನುವಾದಿಸಿದ್ದಳು. ಕೊನೆಯ ಅಧ್ಯಾಯಕ್ಕೆ ಪ್ರಕಾಶಕರು ಕಾದು ಕೂತಿದ್ದರು. ಗಡುವು ಆಗಲೇ ಒಮ್ಮೆ ಮುಂದೆ ಹೋಗಿತ್ತು. ಇನ್ನೊಮ್ಮೆ ತಪ್ಪಿದರೆ ಮುಂದಿನ ಪುಸ್ತಕ ಬೇರೆಯವರ ಪಾಲು. ಅಧ್ಯಾಯವೋ, ಆ ಡಬ್ಬದೊಳಗಲ್ಲದೆ ಇನ್ನೆಲ್ಲೂ ಇಲ್ಲ.

"ರಿಪೇರಿಯವ್ರನ್ನ ಕರೀಲಾ?"

"ನಾನಿನ್ನೂ ಬದುಕಿದೀನಿ ಕಣೇ!"

ಸ್ಟೆತೊಸ್ಕೋಪ್ ತಂದೆ. ಡಬ್ಬದ ಪಕ್ಕೆಗಿಟ್ಟು ಕಣ್ಣು ಮುಚ್ಚಿದೆ. ಫ್ಯಾನ್ ಗುಂಯ್ ಅನ್ನುತ್ತಿತ್ತು.

"ಉಸಿರಾಟ ಇದೆ. ಪ್ರಜ್ಞೆ ಇಲ್ಲ."

"ಪರದೆ ಮೇಲೆ ಇಂಗ್ಲಿಷಲ್ಲಿ ಏನೋ ಬಂದಿದೆ, ಓದ್ರೀ."

"ಜ್ವರ ಬಂದವರು ಬಡಬಡಿಸ್ತಾರೆ. ಅದನ್ನೆಲ್ಲ ಕಿವಿಗೆ ಹಾಕ್ಕೋಬಾರದು. ಆಪರೇಷನ್ ಆಗ್ಲೇಬೇಕು!"

ವೈರು ಕಿತ್ತು, ಡಬ್ಬವನ್ನು ಮೇಜಿನ ಮೇಲೆ ಮಲಗಿಸಿದೆ. ಇಪ್ಪತ್ತು ವರ್ಷದ ಅಭ್ಯಾಸ ಎಲ್ಲಿ ಹೋದೀತು? "ಕಾಲು ಗಟ್ಟಿಯಾಗಿ ಹಿಡ್ಕೋ!" ಎಂದು ಅಬ್ಬರಿಸಿದೆ.

"ಇದಕ್ಕೆಲ್ರೀ ಕಾಲು?"

"ಎಲ್ಲಾದ್ರೂ ಹಿಡ್ಕೋ! ಸ್ಕ್ರೂ ಬಿಚ್ಚೋವಾಗ ಮಿಸುಕಾಡುತ್ತೆ!"

ಪಾಪ, ಅವಳು ಎರಡೂ ಕೈಯಿಂದ ಅದನ್ನು ತಬ್ಬಿ ನಿಂತಳು. ಮುಚ್ಚಳ ತೆಗೆದರೆ ಒಳಗೆ ಒಂದು ದಿಂಬಿಗಾಗುವಷ್ಟು ಧೂಳು! "ಶ್ವಾಸಕೋಶ ಕಟ್ಟಿದೆ, ನಾನು ಹೇಳ್ಲಿಲ್ವಾ!" ಎಂದು ಗೆದ್ದವನಂತೆ ಬೀಗಿ, ಬ್ಲೋವರ್ ತಂದು ಗುಂಡಿ ಒತ್ತಿದೆ. ಅಯ್ಯಯ್ಯೋ! ಕೋಣೆಯಲ್ಲಿ ಕತ್ತಲಾಯಿತು. ಒಗೆದು ಮಡಚಿಟ್ಟ ಬಟ್ಟೆ, ಹಾಸಿಗೆ, ಹೆಂಡತಿಯ ತಲೆ, ಎಲ್ಲಕ್ಕೂ ಒಂದೇ ಬಣ್ಣ ಬಂತು. ನಾನು ಸೀನಿದೆ. ಮುಂದಿನ ಸೀನು ಬರುವಷ್ಟರಲ್ಲಿ ಬಿಚ್ಚಿ ಬಟ್ಟಲಿಗೆ ಹಾಕಿಟ್ಟಿದ್ದ ಸ್ಕ್ರೂಗಳೆಲ್ಲ ಮಂಚದಡಿಗೆ ಪರಾರಿಯಾದವು.

ಇಬ್ಬರೂ ಅಂಬೆಗಾಲಿಟ್ಟು ಹುಡುಕಿದೆವು. ಸಿಕ್ಕಿದ್ದನ್ನು ಸಿಕ್ಕಲ್ಲಿ ತಿರುಗಿಸಿದೆ. ಗಡಿಯಾರ ನಾಲ್ಕೂವರೆ ದಾಟಿತ್ತು. ವೈರು ಮತ್ತೆ ಜೋಡಿಸಿ ಗುಂಡಿ ಒತ್ತಿದರೆ ಅದೇ ಗುಂಯ್, ಅದೇ ಕಪ್ಪು ಪರದೆ, ಅದೇ ಬಡಬಡಿಕೆ!

"ಇನ್ನೂ ಒಳಗೆ ನೋಡ್ಬೇಕು" ಎಂದು ಮತ್ತೆ ಸ್ಕ್ರೂಡ್ರೈವರ್ ಎತ್ತಿದೆ. ಅವಳ ಕಣ್ಣು ತುಂಬಿತ್ತು. ನನಗೂ ಅಯ್ಯೋ ಅನ್ನಿಸಿತು, ಆದರೆ ಜಂಬ ಬಿಡಬೇಕಲ್ಲ!

"ಮುಟ್ಟಿದ್ರೆ ನೋಡಿ!" ಎಂದು ನನ್ನನ್ನು ಪಕ್ಕಕ್ಕೆ ತಳ್ಳಿ, ಧೂಳನ್ನು ಸೆರಗಿನಿಂದ ಒರೆಸಿ, ಪರದೆಯನ್ನು ಜೋರಾಗಿ ಓದಿದಳು. ಅನುವಾದಕಿಯಲ್ಲವೇ, ಕನ್ನಡವೂ ಜೊತೆಗೇ ಬಂತು. "'ಇದರಲ್ಲಿ ಶುರುಮಾಡುವಂಥದ್ದು ಏನೂ ಇಲ್ಲ. ಸಿಕ್ಕಿಸಿರುವುದನ್ನು ತೆಗೆದು, ಯಾವುದಾದರೂ ಕೀಲಿ ಒತ್ತಿ.' ಏನ್ರೀ ಸಿಕ್ಸಿದೀರಾ?"

"ನಾನಾ? ನಾನ್ಯಾಕೆ..."

ಅವಳು ಡಬ್ಬದ ಹಿಂದೆ ಕೈ ಹಾಕಿದಳು. ಹೊರಬಂದದ್ದು ಒಂದು ಪೆನ್‌ಡ್ರೈವ್. ಮೇಲೆ ನನ್ನದೇ ದುಂಡು ಅಕ್ಷರ: 'ಕುದುರೆ ಹಲ್ಲು'. ಹಿಂದಿನ ದಿನ ಫೋಟೋ ಹಾಕಿಕೊಂಡು, ಅಲ್ಲೇ ಮರೆತಿದ್ದೆ. ಕಂಪ್ಯೂಟರ್ ಪಾಪ, ನಕ್ಷತ್ರ ಬಿಟ್ಟು ಕುದುರೆ ಹಲ್ಲು ಎಣಿಸುತ್ತಾ ಕೂತಿತ್ತು!

ಅವಳು ಒಂದು ಕೀಲಿ ಒತ್ತಿದಳು. ಪರದೆ ಬೆಳಗಿತು. ಐದಕ್ಕೆ ಇನ್ನೂ ಸ್ವಲ್ಪ ಇರುವಾಗಲೇ ಅಧ್ಯಾಯ ಹೋಯಿತು, "ತಲುಪಿತು, ಮುಂದಿನದನ್ನೂ ನೀವೇ ಮಾಡಿ" ಎಂಬ ಉತ್ತರವೂ ಬಂತು. ಅವಳು ನಕ್ಕಳು. ನನಗೆ ಹೋದ ಜೀವ ಬಂದಂತಾಯಿತು, ಮಾನ ಮಾತ್ರ ವಾಪಸು ಬರಲಿಲ್ಲ.

ಮುಖ ಊದಿಸಿಕೊಂಡು ಮಂಚದ ಮೂಲೆ ಸೇರಿದೆ. ಮೂಗು ಸೋರುತ್ತಿತ್ತು, ತಲೆ ಸಿಡಿಯುತ್ತಿತ್ತು. ಅವಳು ಏನು ಕೇಳಿದರೂ ತುಟಿ ಎರಡು ಮಾಡಲಿಲ್ಲ.

ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಸ್ಕ್ರೂಡ್ರೈವರ್ ಹಿಡಿದು ಎದುರು ಬಂದು ನಿಂತಳು.

"ಎಲ್ಲಿ ನೋವು ಅಂತ ಬಾಯಿಬಿಟ್ಟು ಹೇಳ್ತೀರೋ, ಇಲ್ಲಾ ಬಿಚ್ಚಿ ನೋಡ್ಲೋ?"